ಒಂದು ಉಗುರು ಸುಣ್ಣ

ತಪ್ಪು ನನ್ನದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಡುವಿನಲ್ಲಿ ಎಲ್ಲಾದರೂ ನನಗೆ ಬೇಕಾದ ಹಾಗೆ ಕತೆ ತಿರುಗಿಸುವ ಅಭ್ಯಾಸ ನನಗುಂಟು.

ಓದಿದ್ದು ಎಸ್ಸೆಸ್ಸೆಲ್ಸಿ. ಮೂಡುಬಿದಿರೆ ಕಡೆಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ನಿವೃತ್ತಿ ಹತ್ತಿರವಾಗಿದ್ದಾಗ ಕಕ್ಕಿಂಜೆಯ ಹುಡುಗಿಯೊಬ್ಬಳು ಪಿಎಚ್‌ಡಿ ಮಾಡಲು ಬಂದಳು. ಅವಳ ಕೆಲಸವೆಲ್ಲ ಜಿಯೋಲೈಟ್ ಎಂಬ ಬಿಳಿ ಪುಡಿಯ ಮೇಲೆ. ಅದರ ಕಣಕಣದಲ್ಲೂ ಕಣ್ಣಿಗೆ ಕಾಣದ ಓಣಿಗಳು, ಓಣಿಯ ಗೋಡೆಯಲ್ಲಿ ಆಸಿಡ್. ಪೆಟ್ರೋಲಿನ ಜಾತಿಯ ಎಣ್ಣೆಯನ್ನು ಆವಿ ಮಾಡಿ ಬಿಸಿ ಪುಡಿಯ ಮೂಲಕ ಬಿಟ್ಟರೆ ಅಣುಗಳು ರೂಪ ಬದಲಿಸಿ ಹೊರಗೆ ಬರುತ್ತವಂತೆ.

"ಅಣ್ಣ, ಬೇಲಿಯಲ್ಲಿ ದನ ನುಗ್ಗದ ಹಾಗೆ ಜನ ಮಾತ್ರ ದಾಟುವ ಇಕ್ಕಟ್ಟಿನ ತಡಮೆ ಇಡುವುದಿಲ್ವಾ? ಕವಲಿರುವ ಸೌದೆಯನ್ನು ಅದರಲ್ಲಿ ದಾಟಿಸುವುದು ಹೇಗೆ?"

"ಸಿಕ್ಕಿಕೊಳ್ತದೆ. ತಿರುಗಿಸ್ಬೇಕು, ಇಲ್ಲಾ ಮುರೀಬೇಕು."

"ಅದೇ! ಎಣ್ಣೆಯ ಅಣುವೂ ಅಂಥ ಕವಲಿನ ಸೌದೆಯೇ. ಆಸಿಡ್ ಕವಲನ್ನು ಕಿತ್ತು ಪಕ್ಕದ ಗೆಣ್ಣಿಗೆ ಕೂರಿಸ್ತದೆ. ಅದು ಐಸೊಮರೈಸೇಶನ್. ಕವಲು ಜಾಸ್ತಿಯಾದ್ರೆ ನಡುವಲ್ಲೇ ಲಟಕ್ಕಂತ ಮುರೀತದೆ. ಅದು ಕ್ರ್ಯಾಕಿಂಗ್."

"ಇಷ್ಟಕ್ಕೆ ಪಿಎಚ್‌ಡಿ ಕೊಡ್ತಾರಾ? ಹಾಗಾದ್ರೆ ನನ್ನ ಹೆಂಡತಿಗೆ ಮೂರು ಕೊಡ್ಬೇಕು ಮೇಡಂ."

ಒಂದು ಬೆಳಿಗ್ಗೆ ಮೇಜು ಒರೆಸುವಾಗ ನನ್ನ ಕೈ ತಾಗಿ ಅವಳ ಪುಡಿಯ ಸೀಸೆ ಮಗುಚಿತು. ಬಳಿದು ತುಂಬಿಸಿದೆ. ಆದರೂ ಗುರುತಿನ ಗೀಟಿಗಿಂತ ತುಸು ಕಡಿಮೆ. ಕಿಸೆಯಲ್ಲಿ ವೀಳ್ಯದ ಸುಣ್ಣದ ಡಬ್ಬಿ ಇತ್ತು. ಅಂಚಿನಲ್ಲಿ ಒಣಗಿದ್ದನ್ನು ಉಗುರಲ್ಲಿ ಕೆರೆದು, ಪುಡಿ ಮಾಡಿ, ಸೇರಿಸಿ ಕುಲುಕಿದೆ. ಬಿಳಿಗೆ ಬಿಳಿ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಒಂದು ವೀಳ್ಯ ಹಾಕಿದೆ.

ಅಂದಿನಿಂದ ಅವಳ ಎಣ್ಣೆ ಹೋದ ಹಾಗೆಯೇ ಹೊರಗೆ ಬರತೊಡಗಿತು. ಒಂದು ಕವಲೂ ಕದಲಲಿಲ್ಲ. ಅವಳು ಕೊಳವೆ ಬಿಚ್ಚಿ ತೊಳೆದಳು, ಒಲೆಯ ವಯರು ಬದಲಿಸಿದಳು. ಗೈಡ್ ಸರ್, "ಈ ತಿಂಗಳೂ ಹೀಗೇ ಆದ್ರೆ ವಿಷಯವನ್ನೇ ಬದಲಿಸುವ" ಎಂದರು. ಎರಡು ವರ್ಷದ ದುಡಿಮೆ ನೀರಿಗೆ ಹೋಗುವುದರಲ್ಲಿತ್ತು.

"ನನ್ನ ಕೈಯೇ ಸರಿ ಇಲ್ಲ ಅಣ್ಣ" ಎಂದು ಅವಳು ಬುತ್ತಿ ಬಿಚ್ಚದೆ ಕೂತಳು.

"ವಯರು ಇನ್ನೊಮ್ಮೆ ನೋಡಿ ಮೇಡಂ" ಎಂದೆ ನಾನು, ಮಹಾ ತಿಳಿದವನ ಹಾಗೆ.

ಆ ಬುತ್ತಿ ಮೂರನೆಯ ದಿನವೂ ಹಾಗೆಯೇ ಮನೆಗೆ ಹೋಗುವುದನ್ನು ಕಂಡ ಮೇಲೆ ನನಗೆ ತಡೆಯಲಾಗಲಿಲ್ಲ.

"ಮೇಡಂ, ಆ ಪುಡಿಯಲ್ಲಿ ಸ್ವಲ್ಪ ಸುಣ್ಣ ಉಂಟು."

"ಎಂತ ಸುಣ್ಣ?"

"ತಿನ್ನುವ ಸುಣ್ಣ. ಉಗುರಲ್ಲಿ ಇದ್ದದ್ದು ಗೊತ್ತಾಗದೆ ಉದುರಿತು."

"ಆಸಿಡಿಗೆ ಸುಣ್ಣವಾ! ಇದ್ದ ಆಸಿಡನ್ನೆಲ್ಲ ಕೊಂದುಹಾಕಿದ್ರಲ್ಲ ಮಾರಾಯ್ರೆ!" ಕನ್ನಡ ಸಾಲದೆ ತುಳುವಿನಲ್ಲಿಯೂ ಬಯ್ದಳು. ಮೂರು ದಿನ ಕೂತು ಹೊಸ ಪುಡಿ ತಯಾರಿಸಿದಳು. ನಾಲ್ಕನೆಯ ದಿನ ನನ್ನನ್ನು ತಕ್ಕಡಿಯ ಮುಂದೆ ನಿಲ್ಲಿಸಿದಳು.

"ಎಷ್ಟು ಬಿದ್ದದ್ದು?"

"ಒಂದು ಉಗುರು."

"ಉಗುರು ಅಂದ್ರೆ ಎಷ್ಟು ಗ್ರಾಮು?"

ಹತ್ತು ಸಲ ಕೆರೆದು ತೂಗಿಸಿದಳು. ಹತ್ತು ಸಲವೂ ಬೇರೆ ಬೇರೆ ತೂಕ.

"ಎಲೆಗೆ ಹಚ್ಚುವಾಗಲೂ ಹೀಗೆಯಾ ನಿಮ್ಮ ಲೆಕ್ಕ?"

"ಅದಕ್ಕೇ ನಾಲಗೆ ಸುಡುವುದು ಮೇಡಂ."

ಹೊಸ ಪುಡಿಯಲ್ಲಿ ಕವಲುಗಳು ಜಾಗ ಬದಲಿಸಿದವು, ಮುರಿದವು. ಬೇಕೆಂದೇ ಸುಣ್ಣ ಬೆರೆಸಿದ್ದರಲ್ಲಿ ಏನೂ ಆಗಲಿಲ್ಲ. ಕೆಲಸ ಮಾಡುವುದು ಆಸಿಡೇ ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ಪದವಿ ಸಿಕ್ಕಿದ ಮೇಲೆ ಅವಳು ತನ್ನ ಪ್ರಬಂಧದ ದಪ್ಪ ಪುಸ್ತಕ ತಂದು ಒಂದು ಸಾಲು ಓದಿ, ಕನ್ನಡದಲ್ಲಿ ಹೇಳಿದಳು: "ಆಕಸ್ಮಿಕವಾಗಿ ಬಿದ್ದ ಸುಣ್ಣದಿಂದ ಇದು ಗಮನಕ್ಕೆ ಬಂತು."

ನಾನು ತಲೆಯಾಡಿಸಿದೆ. ಆ ಪುಸ್ತಕದಲ್ಲಿ ಸುಳ್ಳೆಂದರೆ 'ಆಕಸ್ಮಿಕವಾಗಿ' ಎಂಬ ಆ ಒಂದು ಪದ. ಅದು ಅವಳದ್ದಲ್ಲ, ನನ್ನದು.