ಗುಂಯ್ ಎಂದ ಪೆಟ್ಟಿಗೆ, ಜುಂ ಎಂದ ನಲ್ಲಿ

ಹೋದ ಬೇಸಿಗೆಯ ಕೊನೆಗೆ ನಮ್ಮ ಮನೆಯ ಆಂಪ್ಲಿಫೈಯರ್, ಹೊಟ್ಟೆಯೊಳಗೊಂದು ದುಂಬಿಯನ್ನು ಸಾಕಿಕೊಂಡಂತೆ ಗುಂಯ್‌ಗುಡತೊಡಗಿತು. ತಗಡಿನ ಮೈಯ ಈ ಹಳೆಯ ಪೆಟ್ಟಿಗೆಯನ್ನು ಟೀವಿಗೆ ಜೋಡಿಸಿಕೊಂಡು ಬೆಳಗಿನ ಹೊತ್ತು ವಚನಗಾಯನ ಕೇಳುವುದು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ ಶೆಟ್ಟಿಕೆರೆಯ ತೋಟದ ಮನೆ ಸೇರಿದ ನನಗಿರುವ ಏಕೈಕ ವಿಲಾಸ. ಈಗ ಗಾಯಕರು ಬಾಯಿ ತೆರೆಯುವ ಮೊದಲೇ ದುಂಬಿಯ ಆಲಾಪ ಶುರುವಾಗುತ್ತಿತ್ತು. ಅವರು ಹಾಡಿ ಮುಗಿಸಿದರೂ ಅದು ಮಂಗಳ ಹಾಡುತ್ತಿರಲಿಲ್ಲ.

ಕೆಟ್ಟ ಯಂತ್ರದ ಮುಂದೆ ಪ್ರತಿಯೊಬ್ಬ ಗಂಡಸೂ ಅರ್ಧ ಇಂಜಿನಿಯರ್ ಎಂಬುದನ್ನು ನೀವೂ ಬಲ್ಲಿರಿ. ಪಿನ್ನುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದೆ, ವೈರು ಬದಲಿಸಿದೆ, ಕೊನೆಗೆ ಹಿಂದಿನ ಬೆಂಚಿನ ಹುಡುಗರಿಗೆ ಕೊಡುತ್ತಿದ್ದ ಹಾಗೆ ಅದರ ನೆತ್ತಿಗೆ ಎರಡು ಕೊಟ್ಟೆ. ಹುಡುಗರಂತೆ ಅದೂ ಸುಧಾರಿಸಲಿಲ್ಲ.

ಅದೇ ದಿನಗಳಲ್ಲಿ ನನ್ನ ಹೆಂಡತಿ ಸರೋಜ, "ರೀ, ಬಚ್ಚಲ ನಲ್ಲಿ ಮುಟ್ಟಿದ್ರೆ ಕೈ ಜುಂ ಅನ್ನುತ್ತೆ ಕಣ್ರೀ" ಎಂದಿದ್ದಳು. ದುಂಬಿಯ ಚಿಂತೆಯಲ್ಲಿ ಮುಳುಗಿದ್ದ ನಾನು ತಲೆಯೆತ್ತದೆಯೇ, "ವಯಸ್ಸಾಯ್ತಲ್ಲ, ನರಗಳ ದೌರ್ಬಲ್ಯ" ಎಂದು ತೀರ್ಪು ಕೊಟ್ಟು, ಪೇಟೆಗೆ ಹೋದಾಗ ವಿಟಮಿನ್ ಮಾತ್ರೆ ತಂದುಕೊಟ್ಟೆ. ಅವಳು ಮೂರು ವಾರ ಅದನ್ನು ನುಂಗಿದಳು. ಮಾತಿನ ಹಿಂದಿನ ಧ್ವನಿಯನ್ನು ಹಿಡಿಯಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ಮಹಾನುಭಾವನ ಮನೆಯ ಕಥೆ ಇದು.

ನನ್ನ ಇಂಜಿನಿಯರಿಕೆ ಮುಗಿದ ಮೇಲೆ ಚಿಕ್ಕನಾಯಕನಹಳ್ಳಿಯಿಂದ ಅನ್ವರ್ ಸಾಬರನ್ನು ಕರೆಸಿದೆ. ಟ್ರಾನ್ಸಿಸ್ಟರುಗಳ ಕಾಲದಿಂದಲೂ ಈ ಸೀಮೆಯ ಮನೆಗಳ ಮೂಕ ಪೆಟ್ಟಿಗೆಗಳಿಗೆಲ್ಲ ಮಾತು ಕಲಿಸಿದವರು ಅವರು. ಬಂದವರೇ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಸುಮ್ಮನೆ ಕುಳಿತು ಕೇಳಿದರು. ಟೀವಿಯಿಂದ ಬರುವ ವೈರನ್ನು ಕಿತ್ತರು, ಗುಂಯ್ ನಿಲ್ಲಲಿಲ್ಲ. ಪೆಟ್ಟಿಗೆಯ ಮೈಗೆ ಟೆಸ್ಟರ್ ಮುಟ್ಟಿಸಿದರು, ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು.

"ಮೇಷ್ಟ್ರೇ, ಈ ಸದ್ದು ಯಾವಾಗ್ಲೂ ಇರ್ತೈತೋ, ಒಂದೊಂದು ಹೊತ್ನಾಗೋ?"

ನಾನು ಬೆಳಗಿನ ರಾಗ, ಸಂಜೆಯ ಮೌನ ಎಂದು ಏನೋ ವರ್ಣಿಸಲು ಹೊರಟೆ. ಅಡುಗೆಮನೆಯಿಂದ ಸರೋಜಳೇ ಉತ್ತರ ಕೊಟ್ಟಳು: "ಗೀಸರ್ ಹಾಕ್ದಾಗ ಕಣಪ್ಪ. ಈಗ್ಲೂ ಹಾಕಿದೀನಿ. ಆಗ್ಲೇ ಬಚ್ಚಲ ನಲ್ಲಿನೂ ಜುಂ ಅನ್ನೋದು."

ಅನ್ವರ್ ಸಾಬರು ಎದ್ದು ಹೋಗಿ ಮೇನ್ ಸ್ವಿಚ್ ಇಳಿಸಿದರು. "ಅಕ್ಕ, ನಾನು ಹೇಳೋಗಂಟ ಬಚ್ಚಲಿಗೆ ಹೋಗ್ಬ್ಯಾಡಿ" ಎಂದು ಹಿತ್ತಲಿಗೆ ನಡೆದರು. ಗೋಡೆಯ ಬುಡದಲ್ಲಿ ನೆಲಕ್ಕಿಳಿಯುವ ತಂತಿಯನ್ನು ಹಿಡಿದು ಮೆಲ್ಲಗೆ ಎಳೆದರು. ಅದು ಗೇಣುದ್ದಕ್ಕೇ ಕಿತ್ತುಕೊಂಡು ಕೈಗೆ ಬಂತು.

"ಅರ್ಥಿಂಗೇ ಕಡಿದೋಗೈತಲ್ಲ ಮೇಷ್ಟ್ರೇ! ಇಲ್ಲಿ ಯಾರಾದ್ರೂ ಅಗೆದಿದ್ರಾ?"

ಅಗೆದವನು ನಾನೇ. ಯುಗಾದಿ ಕಳೆದ ಮೇಲೆ ಅಲ್ಲೊಂದು ತೆಂಗಿನ ಸಸಿ ನೆಟ್ಟು, ಪಾತಿ ಮಾಡುವಾಗ ಗುದ್ದಲಿಗೆ ಅಡ್ಡ ಬಂದದ್ದನ್ನು ಬೇರೆಂದು ತಿಳಿದು ಕಡಿದುಹಾಕಿದ್ದೆ. ಅರ್ಥವನ್ನು ಬುಡದಲ್ಲೇ ಕಡಿದು ಧ್ವನಿಯ ದೋಷಕ್ಕೆ ಪೆಟ್ಟಿಗೆಯನ್ನು ದಂಡಿಸಿದ ಕನ್ನಡ ಮೇಷ್ಟ್ರು ನಾಡಿನಲ್ಲಿ ನಾನೊಬ್ಬನೇ ಇರಬೇಕು.

ಅನ್ವರ್ ಸಾಬರು ಬಿಡಿಸಿ ಹೇಳಿದರು. ಗೀಸರಿನ ಕಾಯಿಲ್ ಹಾಳಾಗಿ ಕರೆಂಟು ಸೋರುತ್ತಿತ್ತು. ನೆಲಕ್ಕಿಳಿಯಬೇಕಾದ ಆ ಕರೆಂಟು ದಾರಿ ಕಾಣದೆ ಮನೆಯ ತಗಡಿನ ಮೈಗಳಿಗೆಲ್ಲ, ನಲ್ಲಿಗೂ ಏರುತ್ತಿತ್ತು. "ನೀವು ರಬ್ಬರ್ ಚಪ್ಲಿ ಹಾಕ್ಕೊಂಡು ಬಾಕ್ಸ್ ಮುಟ್ಟಿದ್ರಿ, ಗೊತ್ತಾಗ್ಲಿಲ್ಲ. ಅಕ್ಕ ಬರಿಗಾಲಲ್ಲಿ ನೀರೊಳಗೆ ನಿಂತಿರ್ತಾರೆ. ಕಾಯಿಲ್ ಇನ್ನೊಂಚೂರು ಕೆಟ್ಟಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿ, "ದೇವ್ರು ದೊಡ್ಡೋನು, ಬುಡಿ" ಎಂದರು.

ಅವಳು ಗೀಸರ್ ಹಾಕಿ, ನೀರು ಹಿಡಿದು, ಬಕೆಟ್ ತುಂಬಿಟ್ಟು, ಸ್ವಿಚ್ ಆರಿಸಿ ಕರೆದ ಮೇಲೆ ಸ್ನಾನಕ್ಕೆ ಹೋಗುವವನು ನಾನು. ಆ ನಲ್ಲಿಯನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ.

ಸಂಜೆಯ ಹೊತ್ತಿಗೆ ತಂತಿ ಮತ್ತೆ ನೆಲ ಸೇರಿತು, ಗೀಸರಿಗೆ ಹೊಸ ಕಾಯಿಲ್ ಬಂತು, ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚೊಂದು ಮೀಟರಿನ ಪಕ್ಕ ಕೂತಿತು. ಪೆಟ್ಟಿಗೆಯಲ್ಲಿ ವಚನ ಸ್ವಚ್ಛವಾಗಿ ಕೇಳಿತು. ಕಾಫಿ ಕೊಡುತ್ತಾ ಸರೋಜ, "ನಿಮ್ಮ ಮೇಷ್ಟ್ರು ನಂಗೆ ಮಾತ್ರೆ ನುಂಗಿಸಿದ್ರು ಕಣಪ್ಪ" ಎಂದು ನಕ್ಕಳು. ಅನ್ವರ್ ಸಾಬರೂ ನಕ್ಕರು. ನಗುವವನಂತೆ ಹಲ್ಲು ತೋರಿಸಿದೆನೇ ಹೊರತು ನನಗೆ ನಗು ಬರಲಿಲ್ಲ. ಅವಳು ಹೇಳಿದಾಗ ಕೇಳದ ಕಿವಿಗೆ ಕೇಳಿಸಲೆಂದೇ ಕಿರುಚಿದ ಆ ತಗಡಿನ ಪೆಟ್ಟಿಗೆಗೆ ನಾನು ಋಣಿ. ಸದ್ದನ್ನು ಅಡಗಿಸಿ ಹೋಗುವ ಬದಲು, ಅದು ಏನು ಹೇಳುತ್ತಿದೆಯೆಂದು ಕೂತು ಕೇಳಿದ ಅನ್ವರ್ ಸಾಬರಿಗಂತೂ ಈ ಮನೆಯೇ ಋಣಿ.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ನಾನೇ ಬಚ್ಚಲಿಗೆ ಹೋದೆ. ಅನ್ವರ್ ಸಾಬರು ಟೆಸ್ಟರ್ ಹಿಡಿದು ಎಲ್ಲ ನೋಡಿ ಹೋಗಿದ್ದಾರಲ್ಲ, ಇನ್ನೇನು ಭಯ ಎಂದು ಅವಳು ಬಾಗಿಲಲ್ಲಿ ನಿಂತು ಗೊಣಗಿದಳು. ನಾನು ಗೀಸರ್ ಹಾಕಿ, ಬರಿಗಾಲಲ್ಲೇ ನಲ್ಲಿಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತೆ.

"ಏನಾಯ್ತು ರೀ?"

"ಏನಿಲ್ಲ, ಬರೀ ನೀರು ಕಣೇ" ಎಂದು, ನಲ್ಲಿಗೆ ಬಕೆಟ್ಟನ್ನು ನಾನೇ ಹಿಡಿದೆ.