ಬಾಯಿ ಆಪಾಳದು, ಗಂಟಲು ಬೇರೆಯವರದು

ಮಾತಾಡುವಾಗ ಆಪಾ ಬಲಗೈ ಹೆಬ್ಬೆರಳನ್ನು ಗಂಟಲಿನ ಕೆಳಗಿನ ಕುಳಿಗೆ ಒತ್ತಿ ಹಿಡಿಯುತ್ತಿದ್ದಳು. ಒತ್ತಿ ಒತ್ತಿ ಅಲ್ಲಿಯ ಚರ್ಮ ಕಪ್ಪಾಗಿತ್ತು. ಧ್ವನಿ ಗಡುಸು. ಸುರಪುರದ ನಮ್ಮ ಓಣಿಯಲ್ಲಿ ಮಾಳಿಗೆ ಮೇಲೆ ನಿಂತು, "ಏ ಟೀಚರಮ್ಮಾ, ಚಾ ಆಗ್ಯಾದ, ಬಾ ಜಲ್ದಿ" ಎಂದು ಕೂಗಿದರೆ ನನಗಿಂತ ಮೊದಲು ಮೂಲೆಯ ಕಿರಾಣಿ ಅಂಗಡಿಯವನು ತಿರುಗಿ ನೋಡುತ್ತಿದ್ದ.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಪ್ರಾಥಮಿಕ ಶಾಲೆಯ ಟೀಚರ್, ಅವಳು ನನಗಿಂತ ಐದು ವರ್ಷ ದೊಡ್ಡವಳು, ಅದಕ್ಕೇ 'ಆಪಾ', ಅಂದರೆ ಅಕ್ಕ. ಮನೆಯಲ್ಲಿ ಅವಳು, ಅವಳ ತಾಯಿ ಅಮ್ಮೀ, ಇಬ್ಬರೇ. ಅಮ್ಮೀಯ ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತವರೂ ಕಾಣುತ್ತಿರಲಿಲ್ಲ. ಮಗಳು ಬಂದಳೋ ಹೋದಳೋ ಎನ್ನುವುದೆಲ್ಲ ಆ ಧ್ವನಿಯಿಂದಲೇ.

ಒಮ್ಮೆ ಊರಿಗೆ ಶೂಟಿಂಗಿಗೆ ಬಂದ ನಿರ್ದೇಶಕನೊಬ್ಬ ಗುಂಪಿನಲ್ಲಿ ನಿಂತಿದ್ದ ಆಪಾಳನ್ನು ನೋಡಿ ಸಿನಿಮಾಕ್ಕೆ ಕರೆದುಕೊಂಡು ಹೋದ. ಹಿರಿಯ, ಪ್ರಶಸ್ತಿ ಪಡೆದವನು. 'ಅವರು' ಎಂದು ಬರೆಯಬೇಕಿತ್ತು. ನನಗೆ ಮನಸ್ಸಿಲ್ಲ. ಅವನು ಎಂದೇ ಬರೆಯುತ್ತೇನೆ.

ಮೊದಲ ಸಿನಿಮಾ ಶಹಾಪುರದ ಟಾಕೀಸಿಗೆ ಬಂದಾಗ ಆಪಾ ಬೆಂಗಳೂರಿನಲ್ಲಿದ್ದಳು. ಅಮ್ಮೀಯ ಕೈ ಹಿಡಿದು ಬಸ್ಸಿನಲ್ಲಿ ಕರೆದೊಯ್ದವಳು ನಾನು. "ನನ್ನ ಮಗಳ ಸಿನಿಮಾ ಐತ್ರಿ. ನೋಡಾಕಲ್ಲ, ಕೇಳಾಕ ಹೊಂಟೀನಿ" ಎಂದು ಬಸ್ಸಿನವರಿಗೆಲ್ಲ ಅಮ್ಮೀ ಹೇಳಿದ್ದೇ ಹೇಳಿದ್ದು.

ಸಿನಿಮಾ ಶುರುವಾಗಿ ಅರ್ಧ ತಾಸಾಯಿತು. ಪರದೆಯ ಮೇಲೆ ಆಪಾ ನಕ್ಕಳು, ಅತ್ತಳು, ಅತ್ತೆಯ ಜೊತೆ ಜಗಳವಾಡಿದಳು. ಆಗ ಅಮ್ಮೀ ನನ್ನ ತೋಳು ಜಗ್ಗಿ, "ಬೇಟಾ, ನನ್ನ ಮಗಳು ಯಾವಾಗ ಬರ್ತಾಳ?" ಎಂದರು.

"ಬಂದಾಳ್ರಿ ಅಮ್ಮೀ. ಈಗ ಮಾತಾಡಾಕತ್ತಾಳಲ್ಲ, ಅಕಿನ."

"ಹಟ್! ನನ್ನ ಮಗಳ ಧ್ವನಿ ನನಗ ಗೊತ್ತಿಲ್ಲೇನು? ಇಕಿ ಯಾರೋ ಬ್ಯಾರೆ ಹೆಂಗಸು."

ಆಪಾಳ ಬಾಯಿಗೆ ಬೇರೆ ಯಾರಿಂದಲೋ ಮಾತು ಹೇಳಿಸಿದ್ದರು. ಅಮ್ಮೀಗೆ ಹೇಗೆ ತಿಳಿಸಿ ಹೇಳಲಿ? ಸಿನಿಮಾ ಮುಗಿದು ದೀಪ ಹತ್ತುವವರೆಗೂ ಆ ಜೀವ ಮಗಳು ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು ಕಿವಿಗೊಟ್ಟು ಕುಳಿತಿತ್ತು. ಎರಡನೆಯ ಸಿನಿಮಾ ಬರುವಷ್ಟರಲ್ಲಿ ಅಮ್ಮೀ ತೀರಿಕೊಂಡರು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ನಾನು ಆಪಾಳಿಗೆ ಟಾಕೀಸಿನಲ್ಲಿ ನಡೆದದ್ದನ್ನು ಹೇಳಿದೆ. ಅವಳು ಅಳಲಿಲ್ಲ. "ಅಮ್ಮೀ ಏನಂದ್ಳು, ಇನ್ನೊಮ್ಮೆ ಹೇಳು" ಎಂದು ಎರಡು ಸಲ ಹೇಳಿಸಿದಳು. ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಆ ನಿರ್ದೇಶಕ ಆಡಿದ ಮಾತನ್ನು ಅವನ ಧಾಟಿಯಲ್ಲೇ ಆಡಿ ತೋರಿಸಿದಳು: "ಮುಖ ಚೆನ್ನಾಗಿದೆ ಕಣಮ್ಮ. ಮಾತು ಒರಟು. ಜನ ಕಿವಿ ಮುಚ್ಕೋತಾರೆ."

"ನೀ ಏನಂದಿ ಆಪಾ?"

"ಏನೂ ಅನಲಿಲ್ಲ. ನನಗೇನು ಅವಸರ ಐತಿ?"

ಹದಿನಾಲ್ಕು ಸಿನಿಮಾ ಮಾಡಿದಳು. ಹದಿನಾಲ್ಕರಲ್ಲೂ ಬಾಯಿ ಅವಳದು, ಗಂಟಲು ಬೇರೆಯವರದು. ಶೂಟಿಂಗ್ ಮುಗಿದ ಮೇಲೆ ಉಳಿದವರು ಮನೆಗೆ ಹೋದರೆ ಇವಳು ಎಡಿಟಿಂಗಿನವರ, ಸೌಂಡಿನವರ ಬೆನ್ನ ಹಿಂದೆ ಕುಳಿತಿರುತ್ತಿದ್ದಳು. ಕೇಳಿದರೆ, "ಕಳ್ಳರ ಮನ್ಯಾಗ ಇದ್ದೀನಿ, ಕೀಲಿಕೈ ಎಲ್ಲಿ ಇಡ್ತಾರ ನೋಡಾಕತ್ತೀನಿ" ಎನ್ನುತ್ತಿದ್ದಳು. ಊರಿಗೆ ಬಂದಾಗ ಚಹಾವನ್ನು ಬಸಿ ತಟ್ಟೆಗೆ ಸುರಿದು, ಕಲ್ಲುಸಕ್ಕರೆ ಕಚ್ಚಿ ಕುಡಿಯುತ್ತ ನನಗೆ ದಿನಪತ್ರಿಕೆ ಓದಿ ಹೇಳುವಳು. ಸಾವಿನ ಸುದ್ದಿಯೂ ಅವಳ ಧ್ವನಿಯಲ್ಲಿ ಜಗಳದಂತೆ ಕೇಳುತ್ತಿತ್ತು.

ಕೊನೆಗೆ ತಾನೇ ಒಂದು ಸಿನಿಮಾ ಮಾಡಲು ಬಂದಳು. ಕೆಂಭಾವಿಯ ಸಂತೆ, ಕಕ್ಕೇರಾದ ಹೊಲ, ಪೂರಾ ನಮ್ಮ ಕಡೆಯ ಮಾತು. ಊರ ಸಾಹುಕಾರನ ಪಾತ್ರಕ್ಕೆ ಕರೆಸಿದ್ದು ಅವನನ್ನೇ, ಆ ಮೊದಲ ನಿರ್ದೇಶಕನನ್ನೇ! ಆ ಹೊತ್ತಿಗೆ ಅವನಿಗೆ ಕೆಲಸವಿರಲಿಲ್ಲ. ಹಲ್ಲು ಕಿರಿದುಕೊಂಡು ಬಂದ.

ಅವನಿಗೆ ನಮ್ಮ ಭಾಷೆ ಕಲಿಸುವ ಕೆಲಸ ನನಗೆ ಬಂತು. ನಾನು ಸಿಡಿದೆ. "ನನ್ನ ಕೈಲಿ ಆಗಂಗಿಲ್ಲ. ಬೇಕಾದ್ರ ಅವನ ಚಾದಾಗ ಉಪ್ಪ ಹಾಕಿ ಕೊಡ್ತೀನಿ."

ಆಪಾ ನಗಲಿಲ್ಲ. "ಚಲೋ ಕಲಸು. ಮನಸಿಟ್ಟು ಕಲಸು. ಚಲೋ ಕಲತ್ರನ ಆಮ್ಯಾಲ ಉರೀತದ" ಎಂದಳು.

ಎರಡು ತಿಂಗಳು ಕಲಿಸಿದೆ. ಶಾಲೆಯಲ್ಲಿ ಮಕ್ಕಳು 'ಮನಿ' ಎಂದರೆ ತಿದ್ದುತ್ತಿದ್ದ ನಾನು, ಅವನು 'ಮನೆ' ಎಂದಾಗಲೆಲ್ಲ ತಿದ್ದಿದೆ. 'ಮಾಡಾಕತ್ತೀನಿ' ನಾಲಿಗೆಗೆ ಹತ್ತಲು ಒಂದು ವಾರ ಬೇಕಾಯಿತು. ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದ, ನಡೆಯುವಾಗಲೂ ಗುನುಗುತ್ತಿದ್ದ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಕಲಿತ. ಧ್ವನಿಯನ್ನು ಶೂಟಿಂಗಿನಲ್ಲೇ ಹಿಡಿಯುತ್ತೇವೆ, ಡಬ್ಬಿಂಗಿಗೆ ಬರುವುದು ಬೇಡ ಎಂದು ಆಪಾ ಹೇಳಿದ್ದಳು. ಅವನು ನಂಬಿದ. ಶೂಟಿಂಗ್ ಮುಗಿದು ಪ್ಯಾಕಪ್ಪಾದ ದಿನ ನನಗೊಂದು ಸೀರೆ ತಂದು ಕೊಟ್ಟು, "ಬಾಯಾಗ ಕನ್ನಡ ಹಾಕೀರಿ ಟೀಚರ್, ಮರೆಯಂಗಿಲ್ಲ" ಎಂದ. ಆ ಸೀರೆ ಇಂದಿಗೂ ಮಡಿಕೆ ಬಿಚ್ಚಿಲ್ಲ.

ಮೊದಲ ಆಟ ಶಹಾಪುರದ ಅದೇ ಟಾಕೀಸಿನಲ್ಲಿ. ಅವನು ಹೆಂಡತಿಯ ಜೊತೆ ಬಂದಿದ್ದ. ಆಪಾಳ ಅಪ್ಪಣೆಯಂತೆ ನಾನು ಅವರ ಹಿಂದಿನ ಸೀಟಿನಲ್ಲಿ ಕುಳಿತೆ. ಪರದೆಯ ಮೇಲೆ ಸಾಹುಕಾರ ಬಾಯಿ ತೆರೆದ. ಬಂದದ್ದು ಕೆಂಭಾವಿ ಬಸ್ಸಿನ ಹಳೆಯ ಕಂಡಕ್ಟರನ ಧ್ವನಿ! ಮೂವತ್ತು ವರ್ಷ "ಹಿಂದ ಸರೀರಿ, ಹಿಂದ ಸರೀರಿ" ಎಂದು ನಮ್ಮೆಲ್ಲರ ಮೇಲೆ ಒದರಿದ ಧ್ವನಿ ಅದು. ಇಡೀ ಟಾಕೀಸು ಗುರುತು ಹಿಡಿದು ಸಿಳ್ಳೆ ಹೊಡೆಯಿತು.

"ರೀ, ಇದು ನಿಮ್ಮ ವಾಯ್ಸ್ ಅಲ್ವಲ್ಲಾ?" ಎಂದಳು ಹೆಂಡತಿ.

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸುತ್ತಲೇ ಇದ್ದ. ಅಮ್ಮೀ ನನ್ನ ತೋಳು ಜಗ್ಗಿದ್ದು ನೆನಪಾಯಿತು, ನನಗೆ ಒಂಚೂರೂ ಮರುಕ ಹುಟ್ಟಲಿಲ್ಲ. ಹೊಟ್ಟೆ ತಣ್ಣಗಾಯಿತು.

ಆಟ ಮುಗಿದ ಮೇಲೆ ಹೊರಗೆ ಅವನು ಆಪಾಳ ಎದುರು ನಿಂತ. "ಎರಡು ತಿಂಗಳು ಕಷ್ಟಪಟ್ಟು ಕಲ್ತಿದ್ದೆ ಕಣಮ್ಮ. ಒಂದು ಮಾತು ಹೇಳ್ಬಹುದಿತ್ತು."

ಆಪಾ ಹೆಬ್ಬೆರಳನ್ನು ಗಂಟಲಿಗೆ ಒತ್ತಿದಳು. "ಮುಖ ಚಲೋ ಐತ್ರಿ ಸರ್. ಮಾತು ಭಾಳ ಮೆತ್ತಗ. ನಮ್ಮ ಜನ ಕಿವಿ ಮುಚ್ಕೋತಾರ." ಎರಡು ಹೆಜ್ಜೆ ನಡೆದವಳು ತಿರುಗಿ ನಿಂತಳು. "ನೀವು ಎರಡು ತಿಂಗಳು ಕಲ್ತ್ರಿ. ನಾ ನಮ್ಮ ಅಮ್ಮೀ ಹೊಟ್ಯಾಗಿಂದ ಕಲ್ತು ಬಂದಿದ್ದೆ."

ಸೇಡು ತೀರಿಸಿಕೊಂಡವರಿಗೆ ಸಮಾಧಾನ ಸಿಗುವುದಿಲ್ಲ ಎನ್ನುವವರಿದ್ದಾರೆ. ಸುಳ್ಳು. ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆಪಾ ಎರಡು ಪ್ಲೇಟು ಮಿರ್ಚಿ ಭಜಿ ತಿಂದಳು.

ಹೋದ ವರ್ಷ ಎದೆನೋವು ಬಂದು ಹೋಗಿಬಿಟ್ಟಳು. ಟೀವಿಯಲ್ಲಿ ಎರಡು ದಿನ ತೋರಿಸಿದ್ದೆಲ್ಲ ಆ ಹದಿನಾಲ್ಕು ಸಿನಿಮಾಗಳ ತುಣುಕುಗಳೇ, ಯಾರ್ಯಾರದೋ ಧ್ವನಿಯವು. ಚಾನೆಲಿನ ವರದಿಗಾರನೊಬ್ಬ ನಮ್ಮ ಓಣಿಗೂ ಬಂದು ನನ್ನ ಮುಂದೆ ಮೈಕು ಹಿಡಿದ. ಎರಡು ಮಾತು ಆಡುವಷ್ಟರಲ್ಲಿ ತಡೆದು, "ಮೇಡಂ, ಸ್ವಲ್ಪ ಶುದ್ಧ ಕನ್ನಡದಲ್ಲಿ ಹೇಳ್ತೀರಾ?" ಎಂದ.

"ಅಕಿ ಬಗ್ಗೆ ಹಿಂಗನ ಹೇಳೋದು. ಹಾಕಿದ್ರ ಹಿಂಗನ ಹಾಕು, ಇಲ್ಲಂದ್ರ ಮೈಕ ಸುತ್ತಿ ಚೀಲದಾಗ ಇಟ್ಕೊ" ಎಂದೆ. ಅವನು ತಲೆಯಾಡಿಸಿ ಪೂರ್ತಿ ಕೇಳಿಕೊಂಡು ಹೋದ.

ಸಂಜೆ ಟೀವಿ ಹಚ್ಚಿದೆ. ನನ್ನ ಮುಖ ಬಂತು, ಬಾಯಿ ಆಡುತ್ತಿತ್ತು. ಮೇಲೆ ಯಾವಳೋ ನುಣುಪು ಗಂಟಲಿನವಳು ನನ್ನ ಮಾತನ್ನು ಹೇಳುತ್ತಿದ್ದಳು. ಅಮ್ಮೀ ಇದ್ದಿದ್ದರೆ, "ನಮ್ಮ ಟೀಚರಮ್ಮ ಯಾವಾಗ ಬರ್ತಾಳ?" ಎಂದು ಕೇಳುತ್ತಿದ್ದರು.

ನಾನು ಚಾನೆಲಿಗೆ ಫೋನ್ ಮಾಡಿ ಬೈಯಲಿಲ್ಲ. ಆ ವರದಿಗಾರನ ಹೆಸರು, ಊರು ಬರೆದಿಟ್ಟುಕೊಂಡಿದ್ದೇನೆ. ಆಪಾಳ ಕೈಯಲ್ಲಿ ಪಳಗಿದವಳು ನಾನು. ನನಗೇನು ಅವಸರ ಐತಿ?