ಕತ್ತಲಲ್ಲಿ ತಾನೇ ತೆರೆದ ಡ್ರೈವ್

ತೀರಿಕೊಂಡ ನನ್ನ ಯಜಮಾನರ ದನಿ ಮೊನ್ನೆ ನಮ್ಮ ಕೌದಳ್ಳಿ ಮನೆಗೆ ವಾಪಸ್ ಬಂತು. ಸಂತೋಷ ತಡೆಯಲಾರದೆ ಬರೆಯುತ್ತಿದ್ದೇನೆ.

ಅವರ ದನಿ ಉಳಿದಿದ್ದದ್ದು ಮಗನ ಮದುವೆ ಊಟದ ಡಿವಿಡಿಯಲ್ಲಿ ಮಾತ್ರ. ಅವರ ಫೋಟೋಗೆ ವಿಭೂತಿ ಇಡುವಾಗಲೆಲ್ಲ ನಾನು ಅದಕ್ಕೂ ಇಡುತ್ತಿದ್ದೆ. ಕೊಳ್ಳೇಗಾಲದಲ್ಲಿ ಓದುವ ಮೊಮ್ಮಗಳು ಸಿಂಚನ ಆ ವಿಭೂತಿ ಒರೆಸಿ ಡಿಸ್ಕ್ ಹಾಕಿದರೂ ಕಂಪ್ಯೂಟರಿಗೆ ಸಿಕ್ಕಿಸುವ ಹಳೇ ಡ್ರೈವ್ ಗುರುತು ಹಿಡಿಯಲಿಲ್ಲ.

"ಡ್ರೈವ್ ನಡೆಸೋ ಫರ್ಮ್‌ವೇರ್ ಅನ್ನೋ ಪ್ರೋಗ್ರಾಂ ಹಳೇದು ಕಣಜ್ಜಿ, ಹೊಸದು ಹಾಕ್ತೀನಿ. ಮಧ್ಯದಲ್ಲಿ ನಿಂತೋದ್ರೆ ಡ್ರೈವೇ ಸತ್ತೋಯ್ತದೆ," ಎಂದಳು. ಹಳೆಯ ಫರ್ಮ್‌ವೇರನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ನಕಲು ಮಾಡಿಟ್ಟುಕೊಂಡಳು.

ಹೊಸದು ಏರುತ್ತಿರುವಾಗಲೇ ಕರೆಂಟ್ ಹೋಯಿತು. ಲ್ಯಾಪ್‌ಟಾಪೂ ಅದರಿಂದಲೇ ಕರೆಂಟ್ ಪಡೆಯುವ ಡ್ರೈವೂ ಬ್ಯಾಟರಿಯಲ್ಲಿ ಓಡುತ್ತಿದ್ದವು. ಆದರೂ ಮಿಣುಕುತ್ತಿದ್ದ ಡ್ರೈವಿನ ಹಸಿರು ದೀಪ ಆರಿಹೋಯಿತು. ಡ್ರೈವ್ ಸತ್ತೇಹೋಯಿತು ಅಂದುಕೊಂಡೆವು. ಆಮೇಲೆ ಯಾರೂ ಮುಟ್ಟದೆ ಡಿಸ್ಕ್ ಇಡುವ ಅದರ ತಟ್ಟೆ ತಾನಾಗಿ ಈಚೆ ಬಂತು. "ಹೊಸದು ಏರಿ ಡ್ರೈವ್ ತಾನೇ ಆಫಾಗಿ ಆನಾದಂಗದೆ, ನೋಡಾನ," ಎಂದು ಸಿಂಚನ ಡಿಸ್ಕ್ ಇಟ್ಟಳು.

ಅದು ಓಡಲಾರದು ಅಂದುಕೊಂಡು ನಾನು ಮುದ್ದೆ ಬಡಿಸಲು ಎದ್ದೆ. ಬೆನ್ನ ಹಿಂದೆ ಅವರ ದನಿ ಕೇಳಿತು: "ಎಲ್ಲಿಗೋಯ್ತೀಯಮ್ಮಿ? ಕಡೆಗ್ ಉಣ್ತೀನಿ ಅನ್ಬೇಡ, ನೀನೂ ಕುಂತ್ಕ."

ಅದು ಮದುವೆ ದಿನ ಅಂದಿದ್ದ ಮಾತು. ಆದರೂ ಮೈ ಜುಮ್ಮೆಂದಿತು. "ಊ ಕಣ್ರಿ, ಕುಂತ್ಕತೀನಿ," ಎಂದುಬಿಟ್ಟೆ.

ಈ ಮನೆಗೆ ಬಂದಾಗಿನಿಂದ ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದವಳು ನಾನು. ಅವತ್ತು ಸಂಜೆ ಮುದ್ದೆ, ಸಾರು ನಡುವೆ ಇಟ್ಟುಕೊಂಡು ಸೊಸೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಮನೆಮಂದಿಯೆಲ್ಲ ಒಟ್ಟಿಗೆ ಉಂಡೆವು.